ಅರ್ಜಿ ಬರೆಯುವ ಕೈ, ಬಡವರ ಮುಖ



ಕಲ್ಲು ಹೊತ್ತು ಶಾಲೆ ಕಟ್ಟುವವರನ್ನು ನಾವೆಲ್ಲ ಕಾಣುತ್ತೇವೆ. ಆ ಶಾಲೆಗೆ ಹಣ ಬರಲೆಂದು ರಾತ್ರಿ ಕುಳಿತು ಕಾಗದ ಬರೆದವರು ಯಾರ ಕಣ್ಣಿಗೂ ಬೀಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹಳ್ಳಿಗಳಲ್ಲಿ ಮಹಿಳಾ ಸಂಘಗಳಿವೆ, ಯುವಕ ಮಂಡಳಿಗಳಿವೆ, ರೈತರ ಕೂಟಗಳಿವೆ. ಇವುಗಳ ಪರವಾಗಿ ಅನುದಾನದ ಅರ್ಜಿ ಬರೆದು, ಲೆಕ್ಕಪತ್ರ ಜೋಡಿಸಿ, ಇಲಾಖೆಗೂ ಕಂಪನಿಗೂ ಅಲೆಯುವ ಸಿಬ್ಬಂದಿಯನ್ನು ಜನ 'ಪ್ರಾಜೆಕ್ಟ್ ಬರೆಯುವವರು' ಎನ್ನುತ್ತಾರೆ. ಸಮಾಜಕಾರ್ಯ ಓದಿದ ಎಷ್ಟೋ ಯುವಕ ಯುವತಿಯರ ಅನ್ನದ ದಾರಿ ಇದು. ಅವರ ಮುಂದೆ ದಿನವೂ ನಿಲ್ಲುವ ಪ್ರಶ್ನೆಯೊಂದಿದೆ: ಬಡವರಿಗಾಗಿ ಕೇಳುವಾಗ ಸ್ವಲ್ಪ ಹೆಚ್ಚಿಗೆ ಹೇಳಿದರೆ ತಪ್ಪೇ?

ಕಾಗದದ ಬಲ ಸಣ್ಣದಲ್ಲ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು. ಆಮೇಲೆ 1993-94ರಲ್ಲಿ ಒಮ್ಮೆ, 2007-08ರಲ್ಲಿ ಮತ್ತೊಮ್ಮೆ ಸಮೀಕ್ಷೆಗಳಾದವು. ಪಟ್ಟಿಯಲ್ಲಿ ಹೆಸರು ಸೇರಿದವಳು ಮಾಸಾಶನಕ್ಕೆ ಅರ್ಹಳಾದಳು. ಅದೇ ಓಣಿಯಲ್ಲಿ ಅದೇ ನೋವುಂಡು ಪಟ್ಟಿಯಿಂದ ಹೊರಗುಳಿದವಳು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಳು. ಅಕ್ಷರ ಬಲ್ಲವರ ಒಂದು ಸಾಲು ಅಕ್ಷರ ಬಾರದವರ ಬದುಕನ್ನು ತಿರುಗಿಸಬಲ್ಲದು.

ಇಂದು ಹಣದ ದಾರಿಗಳೂ ಬದಲಾಗಿವೆ. ಕಂಪನಿ ಕಾಯ್ದೆ 2013ರ ಪ್ರಕಾರ ನಿಗದಿತ ಮಿತಿಗಿಂತ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕು. ಇತ್ತ ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯಿಂದಾಗಿ ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವಂತಿಲ್ಲ; ಆಡಳಿತ ವೆಚ್ಚ ಶೇ. 20ನ್ನು ಮೀರುವಂತಿಲ್ಲ. ದೊಡ್ಡ ಸಂಸ್ಥೆಯ ನೆರಳಿನಲ್ಲಿದ್ದ ಚಿಕ್ಕ ಸಂಘ ಈಗ ತಾನೇ ಹೋಗಿ ಬಾಗಿಲು ತಟ್ಟಬೇಕು. ಬರೆಯಬಲ್ಲವರ ಅಗತ್ಯ ಹೆಚ್ಚಿದೆ; ಪ್ರಲೋಭನೆಯೂ ಹೆಚ್ಚಿದೆ.

ಅವರ ವಾದವನ್ನೂ ನಾವು ಕೇಳೋಣ. "ಫಾದರ್, ಇದ್ದದ್ದನ್ನು ಇದ್ದಂತೆ ಬರೆದರೆ ಯಾರೂ ಹಣ ಕೊಡುವುದಿಲ್ಲ. ಪಕ್ಕದ ಊರಿನವರು ಹತ್ತಕ್ಕೆ ನೂರು ಸೇರಿಸಿ ಬರೆಯುತ್ತಾರೆ. ನಮ್ಮ ಸತ್ಯಕ್ಕೆ ನಮ್ಮ ಮಕ್ಕಳು ಉಪವಾಸ ಬೀಳಬೇಕೇ?" ಇದು ತಳ್ಳಿಹಾಕುವ ಮಾತಲ್ಲ. ಹಾಗೆ ಕೇಳುವವರು ತಮ್ಮ ಜೇಬಿಗಾಗಿ ಕೇಳುತ್ತಿಲ್ಲ.

ಆದರೆ ಅನುದಾನದ ಗಂಟು ಅಳತೆಯುಳ್ಳದ್ದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಮುನವಳ್ಳಿಯ ಮನೆಗಳಿಗೆ ನೀರು ನುಗ್ಗಿದ್ದನ್ನು ನೆನೆಯಿರಿ. ಅಂಥ ಹೊತ್ತಿನಲ್ಲಿ ಗೋಡೆ ಬಿರಿದವನು ಮನೆಯೇ ಬಿದ್ದಿದೆ ಎಂದು ಬರೆಸಿದರೆ, ನಷ್ಟ ದಾನಿಗಲ್ಲ. ದಾನಿ ಕೊಡುವಷ್ಟನ್ನೇ ಕೊಡುತ್ತಾನೆ. ನಿಜವಾಗಿ ಮನೆ ಬಿದ್ದವನ ಪಾಲು ಕಡಿಮೆಯಾಗುತ್ತದೆ. ನಮ್ಮ ಬಡವನಿಗಾಗಿ ಹೇಳಿದ ಸುಳ್ಳು ನಾವು ಕಾಣದ ಇನ್ನೊಬ್ಬ ಬಡವನ ತಟ್ಟೆಗೆ ಕೈಹಾಕುತ್ತದೆ.

ಹಾಗಾದರೆ ಎಲ್ಲವನ್ನೂ ಬಿಚ್ಚಿ ಬರೆಯಬೇಕೇ? ಅದೂ ಅಲ್ಲ. ಇನ್ನೊಬ್ಬರನ್ನು ಅಪಾಯದಿಂದ ಪಾರುಮಾಡಲಿಕ್ಕೂ ಸುಳ್ಳು ಸಲ್ಲದು, ಆದರೆ ವಿವೇಕದಿಂದ ಸತ್ಯವನ್ನು ಮರೆಯಲ್ಲಿಡಬಹುದು ಎಂದು ಸಂತ ತೋಮಾಸ್ ಅಕ್ವಿನಾಸರು ಕಲಿಸಿದರು. ಸವದತ್ತಿ ಸೀಮೆಯ ಒಬ್ಬ ತಾಯಿ ಹಿಂದೆ ಏನಾಗಿದ್ದಳು ಎಂಬುದನ್ನು ಅವಳ ಹೆಸರು, ಚಿತ್ರದೊಂದಿಗೆ ಅಚ್ಚು ಹಾಕಿಸಿದರೆ ಹಣ ಬೇಗ ಬಂದೀತು. ನಾಳೆ ಅವಳ ಮಗಳಿಗೆ ವರ ನೋಡುವಾಗ ಆ ಚಿತ್ರ ಯಾರ ಕೈಯಲ್ಲಿರುತ್ತದೆ? ಮನುಷ್ಯರನ್ನು ಕೇವಲ ಸಾಧನವಾಗಿ ಬಳಸಬಾರದು ಎಂದು ತತ್ವಜ್ಞಾನಿ ಕಾಂಟ್ ವಾದಿಸಿದ್ದು ಇಂಥ ಕಡೆಗೇ ಸಲ್ಲುತ್ತದೆ. ಅವಳ ಕಣ್ಣೀರು ಅವಳದು. ಅದನ್ನು ತೋರಿಸುವ ಹಕ್ಕೂ, ಮುಚ್ಚಿಡುವ ಹಕ್ಕೂ ಅವಳದೇ.

ಇನ್ನು ಸಂಬಳದ ಮಾತು. ದುಡಿಯುವವನು ಕೂಲಿಗೆ ಯೋಗ್ಯನೆಂಬುದು ಪ್ರಭುವಿನ ಬೋಧನೆ. ಅರ್ಜಿ ಬರೆಯುವುದೂ ದುಡಿಮೆಯೇ; ಅದಕ್ಕೆ ನ್ಯಾಯವಾದ ಸಂಬಳ ಕೊಡದ ಸಂಸ್ಥೆ ಸೇವೆಯ ಹೆಸರಿನಲ್ಲಿ ಶೋಷಣೆ ಮಾಡುತ್ತದೆ. ಆದರೆ ಬಂದ ಹಣದಲ್ಲಿ ನೂರಕ್ಕೆ ಇಷ್ಟು ಎಂಬ ಕಮಿಷನ್ ಬೇರೆ ಸಂಗತಿ. ಮೊತ್ತ ದೊಡ್ಡದಾದಷ್ಟೂ ಬರೆದವನಿಗೆ ಲಾಭ. ಸಂಘಕ್ಕೆ ಅಷ್ಟು ಬೇಕೇ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಹೊಲಿಗೆ ಯಂತ್ರಕ್ಕೆಂದು ಬಂದ ದುಡ್ಡಿನಲ್ಲಿ ಕಮಿಷನ್ ಕೊಡಬೇಕಾದರೆ ಲೆಕ್ಕದಲ್ಲಿ ಅದಕ್ಕೊಂದು ಸುಳ್ಳು ಹೆಸರನ್ನೂ ಹುಡುಕಬೇಕಾಗುತ್ತದೆ.

ಈ ಕೆಲಸದ ನಿಜವಾದ ಗುರಿ ಏನು? ಬೆಳಗಾವಿ ಜಿಲ್ಲೆಯಲ್ಲೇ ಉತ್ತರವಿದೆ. ಮೈರಾಡ ಸಂಸ್ಥೆಯ ನೆರವಿನಿಂದ 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಅದು ದೇವದಾಸಿಯರಾಗಿದ್ದ ಮಹಿಳೆಯರದೇ ಸಂಸ್ಥೆ. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಬಾಲ್ಯದಲ್ಲೇ ದೇವಿಗೆ ಬಿಡಲ್ಪಟ್ಟವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೇರೆಯವರ ಬರಹದಲ್ಲಿ ಕೇವಲ 'ಫಲಾನುಭವಿ' ಆಗಿ ಉಳಿಯಬಹುದಾಗಿದ್ದವರು ತಾವೇ ಮಾತನಾಡಿದರು. ಲೇಖನಿಯನ್ನು ಸದಾ ತನ್ನ ಕೈಯಲ್ಲೇ ಹಿಡಿದುಕೊಂಡವನು ಸಂಘವನ್ನು ಬೆಳೆಸುವುದಿಲ್ಲ. ಬರೆಯಲು ಕಲಿಸಿ ಪಕ್ಕಕ್ಕೆ ಸರಿಯುವವನು ಬೆಳೆಸುತ್ತಾನೆ.

ಸಂತ ಪೌಲರೂ ಒಂದು ಕಾಲಕ್ಕೆ ಇದೇ ಕೆಲಸ ಮಾಡಿದರು. ಜೆರುಸಲೇಮಿನ ಬಡವರಿಗಾಗಿ ಮಕೆದೋನಿಯದಲ್ಲೂ ಕೊರಿಂಥದಲ್ಲೂ ಹಣ ಕೂಡಿಸಿದರು. ಆದರೆ ಹಣದ ಹೊಣೆಯನ್ನು ಒಬ್ಬರೇ ಹೊರಲಿಲ್ಲ. ತೀತನ ಜೊತೆಗೆ ಸಭೆಗಳು ಆರಿಸಿದ ಸಹೋದರನನ್ನೂ ಸೇರಿಸಿಕೊಂಡರು. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಕೈ ಶುದ್ಧವಾಗಿ ಕಾಣಬೇಕೆಂಬುದು ಅವರ ಕಾಳಜಿಯಾಗಿತ್ತು.

ಆದ್ದರಿಂದ ಈ ಕೆಲಸದಲ್ಲಿರುವ ತಮ್ಮ ತಂಗಿಯರಿಗೆ ಒಂದು ಸರಳ ಪರೀಕ್ಷೆಯನ್ನು ಸೂಚಿಸುತ್ತೇನೆ. ಅರ್ಜಿ ಕಳಿಸುವ ಮುನ್ನ ಸಂಘದ ತಾಯಂದಿರನ್ನು ಕೂಡಿಸಿ, ಅವರಾಡುವ ಕನ್ನಡದಲ್ಲೇ ಗಟ್ಟಿಯಾಗಿ ಓದಿ ಹೇಳಿರಿ. "ಹೌದು, ನಾವು ಇರೋದು ಹೀಗೇ, ನಮಗ ಬೇಕಾದ್ದೂ ಇದೇ" ಎಂದು ಅವರು ತಲೆಯೆತ್ತಿ ಹೇಳಿದರೆ ನಿಶ್ಚಿಂತೆಯಿಂದ ಸಹಿ ಹಾಕಿಸಿರಿ. ಯಾವ ಸಾಲಿಗೆ ಅವರು ತಲೆ ತಗ್ಗಿಸುತ್ತಾರೋ ಆ ಸಾಲನ್ನು ಹೊಡೆದುಹಾಕಿರಿ, ಅದರಿಂದ ಬರುವ ಹಣ ಎಷ್ಟೇ ಆಗಿರಲಿ.