ತಪ್ಪಿಲ್ಲದ ಹಾನಿ

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಕಡೆಯ ವರ್ಕ್‌ಶಾಪ್‌ಗಳಿಗೆ ಒಂದು ಬಗೆಯ ದೂರು ತಪ್ಪದೆ ಬರುತ್ತದೆ. ಕಾರು ಸ್ಟಾರ್ಟ್ ಆಗುವುದಿಲ್ಲ. ಬಾನೆಟ್ ಎತ್ತಿ ನೋಡಿದರೆ ವಯರುಗಳು ತುಂಡಾಗಿವೆ. ಇಂಜಿನ್ನಿನ ಮೇಲೆ ತೆಂಗಿನ ನಾರು, ಅಡಿಕೆ ಸಿಪ್ಪೆ, ಹರಿದ ಬಟ್ಟೆಯ ಚೂರುಗಳನ್ನು ಒಟ್ಟುಗೂಡಿಸಿದ ಗೂಡು. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ನೆಲೆಸಿ ಹಿರಿಯರಷ್ಟೇ ಉಳಿದ ಮನೆಗಳಲ್ಲಿ ಈ ಕಾಟ ಹೆಚ್ಚು. ಅಲ್ಲಿ ಕಾರು ವಾರಕ್ಕೊಮ್ಮೆ ಅಂಗಳ ದಾಟಿದರೆ ಅದೇ ದೊಡ್ಡದು. ರಿಪೇರಿಯ ಬಿಲ್ಲು ಕೈಸೇರಿದಾಗ ಮನೆಯ ಯಜಮಾನರ ಬಾಯಿಂದ ಹೊರಡುವ ಮಾತು ನನ್ನನ್ನು ಬಹುಕಾಲ ಯೋಚನೆಗೆ ಹಚ್ಚಿದೆ: “ಈ ಕಳ್ಳ ಇಲಿಗೆ ಬುದ್ಧಿ ಕಲಿಸಬೇಕು.”

ಕಳವು ಎಂಬುದಕ್ಕೆ ಎರಡು ಅಂಗಗಳಿವೆ. ವಸ್ತು ಪರರದು ಎಂಬ ಅರಿವು ಒಂದು. ಅದನ್ನು ತನ್ನದಾಗಿಸಿಕೊಳ್ಳುವ ಸಂಕಲ್ಪ ಇನ್ನೊಂದು. ಇಲಿಯಲ್ಲಿ ಇವೆರಡೂ ಇಲ್ಲ. ಅದರ ಬಾಚಿಹಲ್ಲುಗಳು ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತವೆ; ಕಡಿದು ಕಡಿದು ಸವೆಸುವುದು ಅದರ ಚಪಲವಲ್ಲ, ಬದುಕು. ಕತ್ತಲೆ, ಒಣಜಾಗ, ಒಂದಿಷ್ಟು ಬೆಚ್ಚಗೆ, ಇಷ್ಟಿದ್ದರೆ ಮರದ ಪೊಟರೆಗೂ ಬಾನೆಟ್ಟಿನ ಅಡಿಗೂ ಅದಕ್ಕೆ ಭೇದವಿಲ್ಲ. ಪಂಚತಂತ್ರದ ಹಿರಣ್ಯಕನು ಬಲೆಯನ್ನು ಕಡಿದು ಪಾರಿವಾಳಗಳನ್ನು ಬಿಡಿಸಿದಾಗ ತರಗತಿಯ ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಆ ಹಲ್ಲೇ ಈ ಹಲ್ಲು. ಗಡಿಯ ಮೇಲೆ ಬಾಳುತ್ತಿರುವ ನಮಗೆ ಒಂದು ಸಂಗತಿ ಅನ್ಯರಿಗಿಂತ ಬೇಗ ತಿಳಿಯಬೇಕು: ಗೆರೆಯು ಎಳೆದವನ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ನೆಲದ ಮೇಲೆ ನಡೆಯುವವನಿಗೆ ಕಾಣುವುದಿಲ್ಲ. ಕನ್ನಡದ ಇಲಿ ತುಳುವಿನಲ್ಲಿಯೂ ಹವ್ಯಕದಲ್ಲಿಯೂ ಮಲಯಾಳದಲ್ಲಿಯೂ ‘ಎಲಿ’; 1956ರ ನವೆಂಬರ್ 1 ಅದರ ಪಾಲಿಗೆ ಮಾಮೂಲು ದಿನವಾಗಿತ್ತು.

ಅಪರಾಧವಿಲ್ಲದಲ್ಲಿ ಶಿಕ್ಷೆಗೆ ಎಡೆಯಿಲ್ಲ. ಆದರೆ ಇಷ್ಟಕ್ಕೇ ನಿಂತು ‘ಇರಲಿ ಬಿಡಿ, ಅದೂ ಒಂದು ಜೀವ’ ಎನ್ನುವವರ ಪಕ್ಷಕ್ಕೂ ನಾನು ಸೇರಲಾರೆ. ತಪ್ಪಿಲ್ಲದಿದ್ದರೂ ಹಾನಿ ಹಾನಿಯೇ. ಸಿಪ್ಪೆ ಹೋದ ವಯರು ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಬಹುದು. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ಇಲಿಜ್ವರ ಏನೆಂಬುದನ್ನು 2018ರ ಮಹಾಪೂರದ ಬಳಿಕ ಕೇರಳ ಕಂಡಿದೆ. ನೆರೆ ಇಳಿದ ಮೇಲೆಯೂ ಜನ ಸತ್ತರು. ಮನೆಮಂದಿಯ ಪ್ರಾಣಕ್ಕೆ ಸಂಚಕಾರವಿರುವಾಗ ದಯೆಯ ಹೆಸರಿನಲ್ಲಿ ಕೈಕಟ್ಟಿ ಕುಳಿತಿರುವುದನ್ನು ಧರ್ಮವೆಂದು ನಾನು ಒಪ್ಪೆನು.

ಹಾಗಾದರೆ ತಡೆಯುವುದಕ್ಕೂ ಶಿಕ್ಷಿಸುವುದಕ್ಕೂ ವ್ಯತ್ಯಾಸವೇನು, ಇಲಿ ಸತ್ತರೆ ಎರಡೂ ಒಂದೇ ಅಲ್ಲವೇ ಎಂದು ಮಿತ್ರರೊಬ್ಬರು ಕೇಳಿದ್ದುಂಟು. ಒಂದೇ ಅಲ್ಲ. ನಾವು ಆರಿಸಿಕೊಳ್ಳುವ ಸಾಧನದಲ್ಲಿಯೇ ನಮ್ಮ ಮನಸ್ಸು ಬಯಲಾಗುತ್ತದೆ. ಅಂಗಡಿಯಲ್ಲಿ ದೊರೆಯುವ ಅಂಟಿನ ಹಲಗೆಯನ್ನೇ ನೋಡಿ. ಅದರ ಮೇಲೆ ಕಾಲಿಟ್ಟ ಇಲಿ ಕೂಡಲೇ ಸಾಯುವುದಿಲ್ಲ. ಚರ್ಮ ಕಿತ್ತುಕೊಂಡು, ಹಸಿದು, ಬಾಯಾರಿ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒದ್ದಾಡುತ್ತದೆ. ಬೆಳಗ್ಗೆ ಅದನ್ನು ಹಾಗೆಯೇ ಕಸದ ಬುಟ್ಟಿಗೆ ಎಸೆಯುತ್ತೇವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಇದರ ವಿರುದ್ಧ ರಾಜ್ಯಗಳಿಗೆ ಸೂಚನೆ ಕಳುಹಿಸಿದೆ. ಮಾರಾಟ ಮಾತ್ರ ನಿಂತಿಲ್ಲ. ಇನ್ನು ಇಲಿಪಾಷಾಣ. ಇಂದಿನ ಬಹುಪಾಲು ವಿಷಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವಂಥವು. ಇಲಿ ಒಳಗೊಳಗೇ ರಕ್ತ ಸೋರಿ ಕೆಲವು ದಿನಗಳ ನಂತರ ಸಾಯುತ್ತದೆ. ಆ ನಡುವೆ ಮಂಕಾಗಿ ಓಡಾಡುವ ಅದನ್ನು ಗೂಬೆಯೋ ಬೆಕ್ಕೋ ಹಿಡಿದು ತಿಂದರೆ ವಿಷ ಅಲ್ಲಿಗೂ ದಾಟುತ್ತದೆ. ಯಾವ ಖರ್ಚೂ ಇಲ್ಲದೆ ಇಲಿಗಳನ್ನು ಹಿಡಿದುಕೊಡುವ ಗೂಬೆಯನ್ನೇ ಕೊಂದುಕೊಂಡಂತಾಯಿತು.

ಇದಕ್ಕೆ ಎದುರಾಗಿ ನನ್ನ ಕಣ್ಣೆದುರು ನಿಲ್ಲುವುದು ನಮ್ಮ ತೆಂಗಿನ ತೋಟಗಳ ಹಳೆಯ ತಗಡಿನ ಪಟ್ಟಿ. ಎಳೆಕಾಯಿಗೆ ತೂತು ಕೊರೆದು ಉದುರಿಸುವ ಇಲಿ ತೆಂಗು ಬೆಳೆದವರಿಗೆಲ್ಲ ಪರಿಚಿತ. ನಮ್ಮೂರಿನ ಸಿ.ಪಿ.ಸಿ.ಆರ್.ಐ. ಸಂಸ್ಥೆಯು ಹೇಳುವ ಹಲವು ಉಪಾಯಗಳಲ್ಲಿ ಇದೂ ಒಂದು: ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ ಕಾಂಡಕ್ಕೆ 40 ಸೆಂಟಿಮೀಟರ್ ಅಗಲದ ತಗಡನ್ನು ಸುತ್ತುವುದು. ಉಗುರು ಊರದೆ ಇಲಿ ಜಾರುತ್ತದೆ, ಕೆಳಗಿಳಿದು ಹೋಗುತ್ತದೆ. ಪಕ್ಕದ ಮರದ ಗರಿ ತಾಗುವಂತಿದ್ದರೆ ಇದರಿಂದ ಪ್ರಯೋಜನವಿಲ್ಲವೆನ್ನುವುದೂ ನಿಜ. ಆದರೂ ಈ ತಗಡಿನಲ್ಲಿ ಸಿಟ್ಟು ಇಲ್ಲ, ಬುದ್ಧಿ ಕಲಿಸುವ ಹಟವೂ ಇಲ್ಲ. ‘ಇಲ್ಲಿಂದ ಮೇಲೆ ನನ್ನದು’ ಎಂಬುದನ್ನು ಇಲಿಗೆ ತಿಳಿಯುವ ಭಾಷೆಯಲ್ಲಿಯೇ ಹೇಳುತ್ತದೆ.

ಕಾರಿಗೂ ಇಂಥ ಭಾಷೆ ಇಲ್ಲದಿಲ್ಲ. ಸೌದೆಯ ರಾಶಿಯಿಂದಲೂ ತೆಂಗಿನಕಾಯಿಯ ಕೊಟ್ಟಿಗೆಯಿಂದಲೂ ದೂರ ನಿಲ್ಲಿಸುವುದು, ಸೀಟಿನಡಿ ಬಿಸ್ಕತ್ತಿನ ಪುಡಿ ಬಿಡದಿರುವುದು, ಗಾಳಿ ಎಳೆಯುವ ಕಿಂಡಿಗೆ ಸಣ್ಣ ಕಣ್ಣಿನ ತಂತಿಬಲೆ ಹಾಕಿಸುವುದು. ಎಲ್ಲಕ್ಕಿಂತ ಮಿಗಿಲಾಗಿ ಕಾರನ್ನು ಓಡಿಸುವುದು. ಇಲ್ಲಿ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತದೆ. ಹೊಸ ಕಾರನ್ನು ಮಧೂರಿಗೆ ಒಯ್ದು ವಿನಾಯಕನ ಸನ್ನಿಧಿಯಲ್ಲಿ ಪೂಜೆ ಮಾಡಿಸಿ ತಂದು, ಬಳಿಕ ತಿಂಗಳುಗಟ್ಟಲೆ ಕದಲಿಸದೆ ನಿಲ್ಲಿಸುತ್ತೇವೆ. ದೇವರ ವಾಹನ ಬಂದು ನಮ್ಮ ವಾಹನದಲ್ಲಿ ಸಂಸಾರ ಹೂಡಿದರೆ ಅಚ್ಚರಿಪಡುತ್ತೇವೆ! ಬಳಸದ ವಸ್ತುವಿನ ಮೇಲೆ ಒಡೆತನ ಸಲ್ಲದೆಂದು ನಾನು ವಾದಿಸುತ್ತಿಲ್ಲ. ವೃದ್ಧರಿಗೆ ನಡುರಾತ್ರಿ ಆಸ್ಪತ್ರೆಗೆ ಹೋಗಲು ಕಾರು ಬೇಕು, ಅದಕ್ಕಾಗಿಯೇ ಅದು ನಿಂತಿರುತ್ತದೆ. ಆದರೆ ಕಾಯ್ದುಕೊಳ್ಳುವ ಹೊಣೆ ಒಡೆಯನದು. ಆ ಹೊಣೆಯನ್ನು ಮರೆತು ಅದರ ದಂಡವನ್ನು ಇಲಿಯಿಂದ ವಸೂಲು ಮಾಡಹೊರಡುವುದು ನ್ಯಾಯವಲ್ಲ.

ಇಷ್ಟಾಗಿಯೂ ಒಂದು ಘಳಿಗೆ ಉಳಿಯುತ್ತದೆ. ಬಾನೆಟ್ ಎತ್ತಿದಾಗ ಗೂಡಿನಲ್ಲಿ ಕಣ್ಣು ತೆರೆಯದ, ಕೂದಲಿಲ್ಲದ ಕೆಂಪು ಮರಿಗಳು. ಕಣ್ಣು ಬಿಡಲು ಅವಕ್ಕೆ ಇನ್ನೂ ಎರಡು ವಾರ ಬೇಕು. ಅಷ್ಟು ದಿನ ಕಾಯಲು ಎಲ್ಲರಿಗೂ ಆಗದು. ಮನೆಯಲ್ಲಿ ರೋಗಿಯಿದ್ದರೆ ಒಂದು ರಾತ್ರಿ ಕಾಯಿರೆಂದೂ ನಾನು ಹೇಳಲಾರೆ. ಕೈಗೆ ಕವಚ ತೊಟ್ಟು ಗೂಡನ್ನು ಎತ್ತಿ ಬದಿಗಿರಿಸಿ ಹೊರಡಬೇಕಾದೀತು. ಅಂಥ ಅವಸರವಿಲ್ಲದಿದ್ದರೆ ಬಾನೆಟ್ಟನ್ನು ತೆರೆದೇ ಇಟ್ಟು ಮೇಲೊಂದು ದೀಪ ಉರಿಸಿ ಮಲಗಬಹುದು. ಬೆಳಕಿಗೆ ಅಂಜಿದ ತಾಯಿ ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಬೇರೆಡೆಗೆ ಸಾಗಿಸಲೂಬಹುದು. ಬೆಳಗ್ಗೆ ನೋಡಿದರೆ ಗೂಡು ಬರಿದಾಗಿದೆಯೋ ಇಲ್ಲವೋ ತಿಳಿಯುತ್ತದೆ.