ಒತ್ತೆಯಿಟ್ಟ ಹೆಸರು

ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರಿನ ಬಸ್ಸಿಗಾಗಿ ಕಾಯುತ್ತಾ ಒಂದು ಸಂಜೆ ಬೋಂಡಾ ಕೊಂಡೆ. ತಿಂದು ಕಾಗದವನ್ನು ಮುದುಡುವ ಮುನ್ನ ಕಣ್ಣು ಅದರ ಮೇಲೆ ಬಿತ್ತು. ಎಣ್ಣೆಯ ಕಲೆಯ ನಡುವೆ ಯುವತಿಯೊಬ್ಬಳ ಮುಖ. ಪಕ್ಕದಲ್ಲಿ ಹುಟ್ಟಿದ ದಿನ, ತಂದೆಯ ಹೆಸರು, ಊರು, ಹನ್ನೆರಡು ಅಂಕಿಗಳು. ಎಲ್ಲೋ ಕೆಲಸ ಬೇಡಿ ಸಲ್ಲಿಸಿದ್ದ ಗುರುತಿನ ಚೀಟಿಯ ಜೆರಾಕ್ಸ್ ಪ್ರತಿ ಅದು. ಆಕೆಗೆ ಕೆಲಸ ಸಿಕ್ಕಿತೋ ಇಲ್ಲವೋ ತಿಳಿಯದು. ಆಕೆಯ ಗುರುತು ಮಾತ್ರ ರದ್ದಿಯ ತೂಕಕ್ಕೆ ಮಾರಾಟವಾಗಿ ನನ್ನ ಅಂಗೈಗೆ ಬಂದಿತ್ತು. ಆ ಕಾಣದ ಮಾಲೀಕನ ಹೊಣೆಗೇಡಿತನವನ್ನು ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಬಸ್ಸು ಹತ್ತಿದೆ.

ಆ ಕೋಪ ಹೆಚ್ಚು ದಿನ ಬಾಳಲಿಲ್ಲ. ಮರುವಾರ ಮನೆಯ ಬೀರುವನ್ನು ಶುಚಿಗೊಳಿಸುವಾಗ ಹಳೆಯ ರಸೀದಿಗಳ ಕೆಳಗೆ ಅಂಥವೇ ನಾಲ್ಕು ಪ್ರತಿಗಳು ದೊರೆತವು. ಒಂದು ಕಾಲಕ್ಕೆ ನಮ್ಮ ಮನೆಯಲ್ಲಿ, ತೋಟದಲ್ಲಿ ದುಡಿದವರದು. ಅವುಗಳೊಂದಿಗೆ ಒಂದು ಅಸಲು ಮತದಾರರ ಗುರುತಿನ ಚೀಟಿಯೂ ಇತ್ತು. ನಮ್ಮ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದ ಹೆಣ್ಣುಮಗಳು ಮಗಳ ಬಾಣಂತನಕ್ಕೆಂದು ಮೂರು ಸಾವಿರ ರೂಪಾಯಿ ಮುಂಗಡ ಪಡೆದಾಗ 'ಭದ್ರತೆಗಿರಲಿ' ಎಂದು ಇಟ್ಟುಕೊಂಡದ್ದು. ಮುಂಗಡ ಎಂದೋ ತೀರಿತ್ತು. ಚೀಟಿ ಮಾತ್ರ ಹಿಂದಿರುಗಿರಲಿಲ್ಲ.

ಹಾಗಾದರೆ ಕೆಲಸಕ್ಕೆ ಬಂದವರ ಗುರುತುಪತ್ರ ಕೇಳುವುದೇ ತಪ್ಪೆ? ಹಾಗೆನ್ನಲಾಗದು. ನಮ್ಮ ಮಂಡ್ಯ ಸೀಮೆಯ ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರು ಬೆಲ್ಲ ಕಾಯಿಸುತ್ತಾರೆ. ಹಳ್ಳಿಗಳ ಹೆಣ್ಣುಮಕ್ಕಳು ನಸುಕಿನಲ್ಲೇ ವ್ಯಾನು ಹತ್ತಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಹೋಗುತ್ತಾರೆ. ಇವರ ಭವಿಷ್ಯ ನಿಧಿಯ ಖಾತೆ ತೆರೆಯಲು ದಾಖಲೆ ಬೇಕು. ಹದಿನಾಲ್ಕು ತುಂಬದ ಮಗುವನ್ನು ದುಡಿಮೆಗೆ ಹಚ್ಚದಂತೆ ವಯಸ್ಸಿನ ಪುರಾವೆ ಬೇಕು. ಅಪಘಾತವಾದರೆ ಮನೆಯವರಿಗೆ ತಿಳಿಸಲು ವಿಳಾಸವೂ ಬೇಕು. ಇಂಥ ಕಡೆ ಗುರುತುಪತ್ರವು ಕಾರ್ಮಿಕನನ್ನೇ ಕಾಯುತ್ತದೆ.

ಆದರೆ ಇಲ್ಲಿ ಮೂರು ಮೆಟ್ಟಿಲುಗಳಿವೆ: ಪತ್ರವನ್ನು ನೋಡುವುದು, ಅದರ ಪ್ರತಿಯನ್ನು ಪಡೆಯುವುದು, ಅಸಲನ್ನೇ ಇಟ್ಟುಕೊಳ್ಳುವುದು. ಮೊದಲನೆಯದು ಪರಿಚಯ. ಎರಡನೆಯದು ಹೊಣೆ. ಮೂರನೆಯದು ಬಂಧನ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಬಲವಂತದ ದುಡಿಮೆಯ ಲಕ್ಷಣಗಳನ್ನು ಪಟ್ಟಿಮಾಡುವಾಗ ಗುರುತುಪತ್ರಗಳನ್ನು ವಶದಲ್ಲಿಟ್ಟುಕೊಳ್ಳುವುದನ್ನೂ ಸೇರಿಸಿದೆ. ನಮ್ಮ ದೇಶದಲ್ಲಿ ಜೀತಪದ್ಧತಿಯನ್ನು ರದ್ದುಪಡಿಸಿದ ಕಾಯಿದೆ ಬಂದದ್ದು 1976ರಲ್ಲಿ. ಮುಂಗಡ ಕೊಟ್ಟು ಮನುಷ್ಯನನ್ನು ಕಟ್ಟಿಹಾಕುವ ಆ ಹಳೆಯ ಹಗ್ಗದ ಒಂದು ಎಳೆ ನನ್ನ ಬೀರುವಿನಲ್ಲೇ ಉಳಿದಿತ್ತೆಂಬುದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು.

ಒತ್ತೆಯ ವಿಷಯದಲ್ಲಿ ಧರ್ಮೋಪದೇಶಕಾಂಡದ ಇಪ್ಪತ್ನಾಲ್ಕನೆಯ ಅಧ್ಯಾಯದಷ್ಟು ಸೂಕ್ಷ್ಮವಾಗಿ ಯೋಚಿಸಿದ ಕಾನೂನು ಅಪರೂಪ. ಸಾಲ ಕೊಟ್ಟವನು ಒತ್ತೆ ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು. ಹೊರಗೆ ನಿಲ್ಲಬೇಕು, ಮನೆಯವನೇ ತಂದುಕೊಡಬೇಕು. ಬಡವನ ಹೊದಿಕೆಯನ್ನು ಒತ್ತೆಯಾಗಿ ಪಡೆದಿದ್ದರೆ ಹೊತ್ತು ಮುಳುಗುವುದರೊಳಗೆ ಮರಳಿಸಬೇಕು. ಬೀಸುವ ಕಲ್ಲನ್ನಂತೂ ಮುಟ್ಟಲೇಬಾರದು, ಏಕೆಂದರೆ ಅದು ಅವನ ಜೀವನಾಧಾರ. ಈ ವಿಧಿಗಳು ಭದ್ರತೆ ಕೇಳುವ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಆ ಹಕ್ಕು ಎಲ್ಲಿ ನಿಲ್ಲಬೇಕೆಂಬ ಹೊಸ್ತಿಲನ್ನು ತೋರಿಸುತ್ತವೆ. ಇಂದು ಪಡಿತರ, ಪಿಂಚಣಿ, ಬ್ಯಾಂಕು, ಆಸ್ಪತ್ರೆ ಎಲ್ಲದಕ್ಕೂ ಗುರುತುಪತ್ರ ಬೇಕು. ಅದು ಬಡವನ ಹೊದಿಕೆಯೂ ಹೌದು, ಬೀಸುವ ಕಲ್ಲೂ ಹೌದು.

ನಮ್ಮ ದೇಶದಲ್ಲಿ ಈ ಹೊಸ್ತಿಲಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದವರು ಕನ್ನಡ ನಾಡಿನ ಹಿರಿಯರೊಬ್ಬರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಅವರ ಹೆಸರಿನ ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2024ರಲ್ಲಿ ಅವರು ನಿಧನರಾದರು. ಅದರ ಹಿಂದಿನ ವರ್ಷ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯನ್ನು ಅಂಗೀಕರಿಸಿತ್ತು. ಆದರೆ ಆ ಕಾಯಿದೆ ಡಿಜಿಟಲ್ ರೂಪದ ಮಾಹಿತಿಗಷ್ಟೇ ಅನ್ವಯಿಸುತ್ತದೆ. ವ್ಯಕ್ತಿಯೊಬ್ಬ ತನ್ನ ಮನೆವಾರ್ತೆಗಾಗಿ ಬಳಸುವ ಮಾಹಿತಿಯನ್ನು ಹೊರಗಿಡುತ್ತದೆ. ಎಂದರೆ, ಬೀರುವಿನೊಳಗಿನ ಜೆರಾಕ್ಸ್ ಹಾಳೆಯನ್ನು ಆ ಕಾಯಿದೆ ಕೇಳುವುದಿಲ್ಲ. ಅಲ್ಲಿ ಕೇಳಬೇಕಾದದ್ದು ನಮ್ಮ ಅಂತಃಸಾಕ್ಷಿ.

ಈ ನೋವು ನಮಗೆ ಅಪರಿಚಿತವೂ ಅಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ನಮ್ಮ ನಾಡಿನ ಎಷ್ಟೋ ಮಕ್ಕಳ ಪಾಸ್‌ಪೋರ್ಟನ್ನು ಅಲ್ಲಿನ ಮಾಲೀಕರು ಇಟ್ಟುಕೊಂಡರು. ತಾಯಿ ತೀರಿಕೊಂಡ ಸುದ್ದಿ ಬಂದರೂ ಹೊರಡಲು ಮಾಲೀಕನ ಕೃಪೆ ಬೇಕಾಗುತ್ತಿತ್ತು. ಮನೆಗೆಲಸದವರು ತಮ್ಮ ಗುರುತುಪತ್ರ, ಪ್ರಯಾಣಪತ್ರಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳಬಹುದೆಂದು 2011ರ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳಬೇಕಾಗಿ ಬಂದದ್ದು ಇಂಥ ಅನುಭವಗಳಿಂದಲೇ. ನಮ್ಮವರಿಗಾದಾಗ ಅದು ಅನ್ಯಾಯ, ನಾವೇ ಮಾಡಿದಾಗ ಅದು ಮುನ್ನೆಚ್ಚರಿಕೆ ಆಗುವುದೆಂತು? ನೀನೂ ಈಜಿಪ್ಟಿನಲ್ಲಿ ದಾಸನಾಗಿದ್ದೆ ಎಂಬುದನ್ನು ನೆನೆ ಎಂದು ಅದೇ ಇಪ್ಪತ್ನಾಲ್ಕನೆಯ ಅಧ್ಯಾಯ ಮತ್ತೆ ಮತ್ತೆ ಎಚ್ಚರಿಸುವುದು ಇದಕ್ಕಾಗಿಯೇ ಇರಬೇಕು.

ಚೀಟಿಯನ್ನು ಮರಳಿಸಲು ಆಕೆಯ ಊರಿಗೆ ಹೋದೆ. ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಚೀಟಿಯನ್ನು ಕಂಡು ನಕ್ಕಳು. "ಅದು ನಿಮ್ಮತಾವೇ ಐತೆ ಅಂತ ಗೊತ್ತಿತ್ತು ಸಾಮಿ. ಕೇಳಕ್ಕೆ ಬಾಯಿ ಬರ್ನಿಲ್ಲ. ಕೇಳುದ್ರೆ, ನಮ್ ಮ್ಯಾಲೆ ನಂಬ್ಕೆ ಇಲ್ವಾ ಅಂತ ನೀವು ಬ್ಯಾಸರ ಮಾಡ್ಕಂಡೀರಿ ಅಂತ ಸುಮ್ಕಿದ್ದೆ" ಎಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆಕೆಯನ್ನು ನಂಬದೆ ನಾನು ಚೀಟಿ ಪಡೆದಿದ್ದೆ. ನಾನು ನೊಂದುಕೊಳ್ಳಬಾರದೆಂದು ಆಕೆ ಅದನ್ನು ಮರಳಿ ಕೇಳಲಿಲ್ಲ. ಶಂಕಿಸುವುದು ನನಗೆ ಹಕ್ಕಾಗಿತ್ತು, ಆಕೆಗೆ ಅಪರಾಧವಾಗಿತ್ತು. ಗುರುತುಪತ್ರ ಕೇಳುವುದರಲ್ಲಿರುವ ನೈತಿಕ ಪ್ರಶ್ನೆ ಈ ಅಸಮತೆಯಲ್ಲೇ ಇದೆ. ನಾವು ಆಕೆಯ ಹೆಸರು, ಊರು, ಮುಖ ಎಲ್ಲವನ್ನೂ ಕಾಗದದಲ್ಲಿ ಪಡೆದೆವು. ಸಂಬಳವೆಷ್ಟು, ರಜೆ ಯಾವಾಗ, ಮುಂಗಡದಲ್ಲಿ ತೀರಿದ್ದೆಷ್ಟು ಎಂಬುದನ್ನು ಒಂದು ಚೂರು ಕಾಗದದಲ್ಲಾದರೂ ಆಕೆಗೆ ಬರೆದುಕೊಟ್ಟೆವೆ?

ಆದ್ದರಿಂದ ನಮ್ಮ ಮನೆಯಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ನೋಡಿದರೆ ಸಾಕಾಗುವಲ್ಲಿ ಪ್ರತಿ ಕೇಳುವುದಿಲ್ಲ. ಪ್ರತಿ ಬೇಕೇ ಆದರೆ ಏತಕ್ಕೆಂದು ಹೇಳಿ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಆಧಾರ್ ಪ್ರತಿಯನ್ನು ಪಡೆಯುತ್ತೇವೆ; ಉದ್ದೇಶವನ್ನೂ ದಿನಾಂಕವನ್ನೂ ಅದರ ಮೇಲೆಯೇ ಬರೆಯುತ್ತೇವೆ. ಅಸಲನ್ನು ಇಟ್ಟುಕೊಳ್ಳುವುದೇ ಇಲ್ಲ. ಕೆಲಸ ಬಿಟ್ಟವರ ಪ್ರತಿಯನ್ನು ಅವರಿಗೇ ಮರಳಿಸುತ್ತೇವೆ, ಆಗದಿದ್ದರೆ ಸುಡುತ್ತೇವೆ. ಕೆಲಸಕ್ಕೆ ಸೇರುವವರ ಕೈಗೆ ಸಂಬಳದ ವಿವರವನ್ನೂ ನಮ್ಮ ಹೆಸರು, ವಿಳಾಸ, ಫೋನು ಸಂಖ್ಯೆಯನ್ನೂ ಬರೆದು ಸಹಿಮಾಡಿ ಕೊಡುತ್ತೇವೆ. ಅವರಿಗೂ ನಮ್ಮ ಗುರುತು ಬೇಕಲ್ಲವೆ?

ಪ್ರಿಯ ಓದುಗರೇ, ಒಮ್ಮೆ ನಿಮ್ಮ ಮನೆಯ ಬೀರುವನ್ನೂ ತೆರೆದು ನೋಡಿ. ಹಳೆಯ ರಸೀದಿಗಳ ನಡುವೆ ಯಾರದೋ ಮುಖವೊಂದು ಕಂಡರೆ, ಹೊತ್ತು ಮುಳುಗುವುದರೊಳಗೆ ಅದನ್ನು ಅವರ ಮನೆ ಮುಟ್ಟಿಸಿ.