ಕಾಲಿಲ್ಲದ ಓಟಗಳು

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗಾಗಿ ‘ರನ್’ ಎಂಬ ಒಂದೇ ಕ್ರಿಯಾಪದವನ್ನು ಪರಿಷ್ಕರಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಲೆಕ್ಕಕ್ಕೆ ಸಿಕ್ಕಿದ್ದು 645 ಅರ್ಥಗಳು. 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಪದದ್ದಾಗಿತ್ತು. 2011ರ ಹೊತ್ತಿಗೆ ಆ ಪಟ್ಟ ‘ರನ್’ ಪಾಲಾಗಿತ್ತು.

ಇಷ್ಟೊಂದು ಅರ್ಥ ಎಲ್ಲಿಂದ ಬಂತು ಎಂದರೆ ರೂಢಿಯ ಉತ್ತರವೊಂದಿದೆ: ಕಾಲಿನಿಂದ ಓಡುವುದು ವಾಚ್ಯಾರ್ಥ, ಮಿಕ್ಕಿದ್ದೆಲ್ಲ ಲಕ್ಷ್ಯಾರ್ಥ. ಓಡುವ ಮನುಷ್ಯನನ್ನು ಕಂಡವರು ಆಮೇಲೆ ನದಿಗೂ ಯಂತ್ರಕ್ಕೂ ಆ ಮಾತನ್ನು ಹಚ್ಚಿದರಂತೆ. ಪದದ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಹಳೆಯ ಇಂಗ್ಲಿಷಿನಲ್ಲೇ ಇದರ ಮೂಲರೂಪ ನೀರು ಹರಿಯುವುದಕ್ಕೂ ಸಲ್ಲುತ್ತಿತ್ತು, ಮನುಷ್ಯ ಓಡುವುದಕ್ಕೂ ಸಲ್ಲುತ್ತಿತ್ತು. ಅದರ ದಾಯಾದಿಯಾದ ಜರ್ಮನ್ ‘ರಿನ್ನೆನ್’ ಇಂದಿಗೂ ಹರಿಯುವುದನ್ನೇ ಹೇಳುತ್ತದೆ. ಹೀಗಿರುವಾಗ ಕಾಲು ಮೂಲ, ನದಿ ಅಲಂಕಾರ ಎಂದು ಯಾವ ಆಧಾರದ ಮೇಲೆ ತೀರ್ಮಾನಿಸುವುದು?

ಕಾಲು ಓಡದೆಯೂ ರನ್ ಅಸಲಿಯೇ ಎಂಬುದು ಕ್ರಿಕೆಟ್ ಮೈದಾನದಲ್ಲಿ ಕಣ್ಣಿಗೇ ಕಾಣುತ್ತದೆ. ಚೆಂಡು ಕವರ್ಸ್ ಕಡೆಯಿಂದ ನುಗ್ಗಿ ಬೌಂಡರಿ ಗೆರೆ ದಾಟುತ್ತದೆ. ಬ್ಯಾಟರ್‌ಗಳಿಬ್ಬರೂ ಎರಡು ಹೆಜ್ಜೆ ಮುಂದಿಟ್ಟು, ನಿಂತು, ನಡುಪಿಚ್ಚಿನಲ್ಲಿ ಗ್ಲವ್ಸ್ ತಾಗಿಸಿ ವಾಪಸಾಗುತ್ತಾರೆ. ಸ್ಕೋರರ್ ನಾಲ್ಕು ರನ್ ಬರೆದುಕೊಳ್ಳುತ್ತಾನೆ. ಯಾರೂ ಓಡಲಿಲ್ಲ. ಆದರೂ ಆ ನಾಲ್ಕನ್ನು ಅಲಂಕಾರದ ರನ್ ಎಂದು ಯಾರೂ ಕರೆಯುವುದಿಲ್ಲ. ಕ್ರೀಸಿನಿಂದ ಕ್ರೀಸಿಗೆ ಬೆವರಿಳಿಸಿ ಓಡಿ ತೆಗೆದ ರನ್ನಿನಷ್ಟೇ ಅದೂ ಗಟ್ಟಿ. ಬ್ಯಾಂಕುಗಳ ಕಥೆಯೂ ಹೀಗೆಯೇ. ಠೇವಣಿದಾರರು ಗಾಬರಿಬಿದ್ದು ಹಣಕ್ಕೆ ಮುಗಿಬೀಳುವುದನ್ನು ಇಂಗ್ಲಿಷ್ ಬ್ಯಾಂಕಿನ ಮೇಲಿನ ‘ರನ್’ ಎನ್ನುತ್ತದೆ. 2023ರ ಮಾರ್ಚ್ 9ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಒಂದೇ ದಿನ 4,200 ಕೋಟಿ ಡಾಲರ್ ಹಿಂತೆಗೆಯಲು ಗ್ರಾಹಕರು ಮುಂದಾದರು. ಬಹುಪಾಲು ಕುಳಿತಲ್ಲಿಂದಲೇ, ಆನ್‌ಲೈನಿನಲ್ಲಿ. ಮರುದಿನ ಬ್ಯಾಂಕು ಮುಚ್ಚಿತು.

ಕೈಗಾರಿಕಾ ಕ್ರಾಂತಿ ಬಂದ ಮೇಲಂತೂ ಎಂಜಿನ್, ರೈಲು, ಕಾರ್ಖಾನೆ ಎಲ್ಲವೂ ಈ ಪದದ ಒಕ್ಕಲಾದವು. ಈಗ ಕಂಪ್ಯೂಟರ್ ಪ್ರೋಗ್ರಾಮೂ ಸೇರಿಕೊಂಡಿದೆ.

ಇವೆಲ್ಲದರಲ್ಲೂ ಸಮಾನವಾದ ಒಂದು ತಿರುಳಿರಲೇಬೇಕೆಂದು ಹುಡುಕುವವರಿಗೆ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ 1953ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಉತ್ತರ ಕೊಟ್ಟಿದ್ದಾನೆ: ಒಂದೇ ಕುಟುಂಬದವರಲ್ಲಿ ಒಬ್ಬರ ಮೂಗು, ಇನ್ನೊಬ್ಬರ ನಡಿಗೆ ಹೋಲುತ್ತದೆ, ಎಲ್ಲರಲ್ಲೂ ಇರುವ ಲಕ್ಷಣ ಯಾವುದೂ ಇರಬೇಕಿಲ್ಲ. ಅವನಿಗಿಂತ ಶತಮಾನಗಳ ಹಿಂದೆಯೇ ವೈಯಾಕರಣ ಭರ್ತೃಹರಿ ‘ವಾಕ್ಯಪದೀಯ’ದಲ್ಲಿ ಇನ್ನೂ ಮುಂದೆ ಹೋಗಿದ್ದ. ಅರ್ಥದ ನಿಜವಾದ ಘಟಕ ವಾಕ್ಯ. ಪದಗಳು ವಿವರಣೆಗಾಗಿ ನಾವು ಕತ್ತರಿಸಿಕೊಂಡ ತುಂಡುಗಳು. ‘ಸೈಂಧವ ತಾ’ ಎಂದರೆ ಊಟಕ್ಕೆ ಕೂತವನಿಗೆ ಉಪ್ಪು ಬೇಕು, ಹೊರಟು ನಿಂತವನಿಗೆ ಕುದುರೆ ಬೇಕು. ಇದು ನಮ್ಮ ಶಾಸ್ತ್ರಕಾರರ ಹಳೆಯ ಉದಾಹರಣೆ. ಈ ದೃಷ್ಟಿಯಿಂದ ನೋಡಿದರೆ 645 ಎಂಬ ಸಂಖ್ಯೆ ಸಂಪಾದಕರು ಎಲ್ಲೆಲ್ಲಿ ಕತ್ತರಿ ಆಡಿಸಿದರು ಎಂಬುದರ ಲೆಕ್ಕ. ಅದು ಸಣ್ಣ ಸಾಧನೆಯಲ್ಲ, ಆದರೆ ಪದದ ಹೊಟ್ಟೆಯೊಳಗೆ ಅಷ್ಟು ಅರ್ಥಗಳು ಮೊದಲೇ ಕೂತಿದ್ದವು ಎಂಬುದಕ್ಕೆ ಅದು ಸಾಕ್ಷಿಯಾಗದು.

ಹಾಗಾದರೆ ಯಾವ ಪದಕ್ಕೆ ಯಾವ ಅರ್ಥ ಬೇಕಾದರೂ ಬರಬಹುದೇ? ಬರುವುದಿಲ್ಲ. ಆಡುವ ಸಮುದಾಯದ ರೂಢಿ ಲಗಾಮು ಹಾಕುತ್ತದೆ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ಓಡುತ್ತಾನೆ’, ಬ್ರಿಟನ್ನಿನವನು ನಮ್ಮವರಂತೆಯೇ ‘ನಿಲ್ಲುತ್ತಾನೆ’. ಇಂಗ್ಲಿಷಿನವರು ‘ಓಡಿಸುವ’ ಅಂಗಡಿಯನ್ನು, ಶಾಲೆಯನ್ನು ಕನ್ನಡಿಗರು ‘ನಡೆಸುತ್ತಾರೆ’. ಆದರೆ ಸಿನಿಮಾ ಎರಡೂ ಕಡೆ ಓಡುತ್ತದೆ. ಇದಕ್ಕೆಲ್ಲ ತರ್ಕದ ಸೂತ್ರವಿಲ್ಲ, ಬಳಕೆಯಷ್ಟೇ ಪ್ರಮಾಣ.

ನಮ್ಮ ಮಕ್ಕಳಿಗೆ ‘ರನ್ ಎಂದರೆ ಓಡು’ ಎಂದು ಬಾಯಿಪಾಠ ಮಾಡಿಸುವ ಮೇಷ್ಟರು, ತಂದೆತಾಯಂದಿರು ದಯವಿಟ್ಟು ಪದಪಟ್ಟಿಯನ್ನು ಪಕ್ಕಕ್ಕಿಡಿ. ಒಂದು ಪದಕ್ಕೆ ಹತ್ತು ವಾಕ್ಯ ಓದಿಸಿ. ಅರ್ಥವನ್ನು ಅವರೇ ಊಹಿಸಲಿ.